ಹಾಡಿಗೆ ತೆರೆದ ಬಾಗಿಲು, ಮಾತಿಗೆ ಬಿದ್ದ ಅಗಳಿ: ಗೋವಾದ ವಾಣಿಜ್ಯ ಬಾನುಲಿ

ಗೋವಾದ ವಾಣಿಜ್ಯ ಬಾನುಲಿಗೆ ಎರಡು ಘಟ್ಟಗಳಿವೆ. ಒಂದು ಪೋರ್ಚುಗೀಸರ ಕಾಲದ ‘ಎಮಿಸೊರಾ ದ ಗೋವಾ’, ಇನ್ನೊಂದು ಇಂದಿನ ಖಾಸಗಿ ಎಫ್‌ಎಂ. ಇವೆರಡರ ನಡುವೆ ಒಂದು ಸಾಮ್ರಾಜ್ಯ ಅಳಿಯಿತು, ಒಂದು ರಾಜ್ಯ ಹುಟ್ಟಿತು, ಆಡಳಿತದ ಭಾಷೆಯೇ ಬದಲಾಯಿತು. ಆದರೂ ಎರಡರ ಸ್ವಭಾವ ಒಂದೇ: ಹಾಡಿನಲ್ಲಿ ಉದಾರ, ಊರಿನ ಸುದ್ದಿಯಲ್ಲಿ ಮೌನಿ. ಈ ಮೌನವನ್ನು ಮೊದಲು ಹೇರಿದ್ದು ಸರ್ವಾಧಿಕಾರ, ಈಗ ಹೇರಿರುವುದು ಪರವಾನಗಿಯ ಷರತ್ತು. ಕಾರಣ ಬೇರೆಯಾದರೂ ಕೇಳುಗನಿಗೆ ಆದ ನಷ್ಟ ಒಂದೇ.

ಎಮಿಸೊರಾ 1946ರಲ್ಲಿ ಪಣಜಿಯಲ್ಲಿ ಆರಂಭವಾಯಿತು. ಅದಕ್ಕೆ ಭಾರತದ ಕೇಳುಗರನ್ನು ಒದಗಿಸಿದ್ದು ದೆಹಲಿಯ ಒಂದು ನಿರ್ಧಾರ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ದೂರವಿಟ್ಟರು. ಹಾಡು ಬೇಕೆಂದವರು ರೇಡಿಯೊದ ಮುಳ್ಳನ್ನು ಗಡಿಯಾಚೆಗೆ ತಿರುಗಿಸಿದರು. ಬಹುಪಾಲು ಜನ ರೇಡಿಯೊ ಸಿಲೋನಿನತ್ತ, ಅದರಲ್ಲಿ ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ ‘ಬಿನಾಕಾ ಗೀತಮಾಲಾ’ ಕಾರ್ಯಕ್ರಮದತ್ತ ಹೋದರು. ಎಮಿಸೊರಾಕ್ಕೂ ಆ ಕೇಳುಗರಲ್ಲಿ ಪಾಲು ಸಿಕ್ಕಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಾಲದ ಹಿಂದಿ ಚಿತ್ರಗೀತೆಗಳ ವಾದ್ಯಮೇಳವನ್ನು ಕಟ್ಟಿದವರಲ್ಲಿ ಗೋವಾ ಮೂಲದವರದೇ ದೊಡ್ಡ ಕೈ. ಸಂಗೀತ ನಿರ್ದೇಶಕರಾದ ಶಂಕರ್–ಜೈಕಿಶನ್ ಜೋಡಿಗೆ ಸೆಬಾಸ್ಟಿಯನ್ ಡಿಸೋಜಾ, ಸಿ. ರಾಮಚಂದ್ರರಿಗೆ ಚಿಕ್ ಚಾಕೊಲೇಟ್ ವಾದ್ಯ ಸಂಯೋಜಿಸಿದರು. ಆಂಥನಿ ಗೊನ್ಸಾಲ್ವೆಸ್ ಅವರಂಥ ಪಿಟೀಲು ವಿದ್ವಾಂಸರೂ ಅಲ್ಲಿದ್ದರು. ಚರ್ಚಿನ ಸಂಗೀತಶಾಲೆಗಳಲ್ಲಿ ಸ್ವರಲಿಪಿ ಕಲಿತು ಮುಂಬಯಿಗೆ ಹೋದ ಆ ಪೀಳಿಗೆಯ ಕೈಚಳಕ ಪಣಜಿಯ ಬಾನುಲಿಯ ಮೂಲಕ ತವರಿಗೇ ಮರಳುತ್ತಿತ್ತು. ಹಾಗಾಗಿ ಎಮಿಸೊರಾದ ಸಂಗೀತವನ್ನು ಬರಿಯ ವ್ಯಾಪಾರದ ಸರಕೆಂದು ತಳ್ಳಿಹಾಕಲಾಗದು.

ಆದರೆ ಹಾಡು ನಿಂತಾಗ ಏನು ಕೇಳಿಸುತ್ತಿತ್ತು? ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಜಾರ್ ಆಡಳಿತದಲ್ಲಿ ಪತ್ರಿಕೆಗಳು ಅಚ್ಚಿಗೆ ಮುನ್ನ ಸೆನ್ಸಾರಿನ ಕೈ ದಾಟಬೇಕಿತ್ತು; ಸರಕಾರದ ಸ್ವತ್ತಾಗಿದ್ದ ಬಾನುಲಿ ಸರಕಾರದ ಮಾತನ್ನೇ ಆಡಿತು. 1955ರ ಆಗಸ್ಟ್ 15ರಂದು ಗೋವಾದ ವಿಮೋಚನೆಗಾಗಿ ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರ ಗುಂಡು ಹಾರಿತು, ಹಲವರು ಸತ್ತರು. ಭಾರತ ಗಡಿ ಮುಚ್ಚಿ ಆರ್ಥಿಕ ದಿಗ್ಬಂಧನ ಹೇರಿತು. ತಮ್ಮ ನೆಲದಲ್ಲೇ ನಡೆದದ್ದನ್ನು ತಮ್ಮದೇ ಬಾನುಲಿಯಿಂದ ನಿಜವಾಗಿ ತಿಳಿಯುವ ಹಾದಿ ಗೋವಾದವರಿಗೆ ಇರಲಿಲ್ಲ.

ಆ ಹಾದಿ ತೆರೆದದ್ದು ಕಾಡಿನಿಂದ. 1955ರ ನವೆಂಬರ್ 25ರಂದು ‘ಗೋವಾ ವಿಮೋಚನೆಯ ಧ್ವನಿ’ ಎಂಬ ಭೂಗತ ಕೇಂದ್ರ ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಮಾತಾಡತೊಡಗಿತು. ನಡೆಸಿದವರು ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ. ಮೊದಲು ಅಂಬೋಲಿಯ ಕಾಡು, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್, ಮುಂದೆ ಬೆಳಗಾವಿ ಅವರ ನೆಲೆಯಾದವು. ಟ್ರಕ್ಕಿನಲ್ಲಿ ಕೂರಿಸಿದ ಪ್ರಸಾರ ಯಂತ್ರ, ಸುತ್ತ ಘಟ್ಟದ ಮಳೆ ಮತ್ತು ಜಿಗಣೆ. ಬೇರೆ ಕೇಂದ್ರಗಳ ವಾರ್ತೆಗಳನ್ನು ಕೇಳಿ ಗುರುತು ಹಾಕಿಕೊಳ್ಳುವುದು, ಗೋವಾದೊಳಗಿಂದ ಕದ್ದು ಬಂದ ಸುದ್ದಿಯನ್ನು ಜೋಡಿಸುವುದು, ಬರೆದದ್ದನ್ನು ತಾವೇ ಓದುವುದು: ಎಲ್ಲ ಕೆಲಸವೂ ಕೆಲವೇ ಜನರ ಮೇಲೆ. ಜಾಹೀರಾತು ಇಲ್ಲ, ಚಿತ್ರಗೀತೆಯ ಆಕರ್ಷಣೆಯೂ ಇಲ್ಲ. ಆದರೂ ಆರು ವರ್ಷ ಆ ದನಿ ಅಡಗಲಿಲ್ಲ.

1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆಯ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆದುರುಳಿಸಿದವು. ಮರುದಿನ ಪೋರ್ಚುಗೀಸರು ಶರಣಾದಾಗ ವಾಮನ ಮತ್ತು ಲಿಬಿಯಾ ವಿಮಾನದಲ್ಲಿ ಗೋವಾದ ಮೇಲೆ ಹಾರುತ್ತ ಧ್ವನಿವರ್ಧಕದಲ್ಲಿ ಬಿಡುಗಡೆಯ ಸುದ್ದಿ ಸಾರಿದರು. ಲಿಬಿಯಾ ಲೋಬೊ ಸರ್ದೇಸಾಯಿ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ. ಈ ಕೇಂದ್ರ ವಾಣಿಜ್ಯ ಬಾನುಲಿಯಲ್ಲ, ನಿಜ. ಆದರೆ ಗೋವಾದ ಯಾವ ಬಾನುಲಿಯನ್ನು ತೂಗುವುದಕ್ಕೂ ನನಗೆ ಸಿಗುವ ತಕ್ಕಡಿ ಇದೇ. ಜನರಿಗೆ ತಿಳಿಯಲೇಬೇಕಾದದ್ದನ್ನು ಅವರ ಭಾಷೆಯಲ್ಲಿ, ಹೇಳಬೇಕಾದ ಹೊತ್ತಿಗೆ ಅದು ಹೇಳಿತು.

ವಿಮೋಚನೆಯ ನಂತರ ಆಕಾಶವಾಣಿಯ ಪಣಜಿ ಕೇಂದ್ರ ಹಾಡು, ಸುದ್ದಿ ಎರಡನ್ನೂ ಒಂದು ಮಟ್ಟಿಗೆ ಕೂಡಿಸಿತು. ಕೊಂಕಣಿ, ಮರಾಠಿ ವಾರ್ತೆಗಳು ಬಂದವು. ಆಲ್ಫ್ರೆಡ್ ರೋಸ್, ಲೋರ್ನಾ, ಕ್ರಿಸ್ ಪೆರಿ ಅವರ ಕೊಂಕಣಿ ಹಾಡುಗಳು, ಕೊಂಕಣಿ ನಾಟಕವಾದ ತಿಯಾತ್ರದ ಪದಗಳು ಮನೆಮನೆ ಸೇರಿದವು. 1987ರಲ್ಲಿ ಕೊಂಕಣಿ ರಾಜಭಾಷೆಯಾಗುವ ಮೊದಲೇ ಬಾನುಲಿಯಲ್ಲಿ ಅದು ಗೌರವದ ಭಾಷೆಯಾಗಿತ್ತು. ಸರಕಾರದ ಹಿಡಿತ ಇಲ್ಲಿಯೂ ಇತ್ತು. ಆದರೆ ಸ್ಥಳೀಯತೆಗೆ ಜಾಗ ಮಾಡಿಕೊಟ್ಟ ಶ್ರೇಯಸ್ಸು ಅದಕ್ಕೆ ಸಲ್ಲಬೇಕು.

2005ರ ಎಫ್‌ಎಂ ನೀತಿಯ ಬಳಿಕ ರೇಡಿಯೊ ಮಿರ್ಚಿ, ಬಿಗ್ ಎಫ್‌ಎಂ, ರೇಡಿಯೊ ಇಂಡಿಗೊ ಪಣಜಿಗೆ ಬಂದವು. ಇಂಡಿಗೊ ಬೆಂಗಳೂರು ಮತ್ತು ಗೋವಾ ಎರಡನ್ನೂ ಇಂಗ್ಲಿಷ್ ಸಂಗೀತದಲ್ಲಿ ಬೆಸೆದ ವಾಹಿನಿ. ಪಾಶ್ಚಾತ್ಯ ಸಂಗೀತ ಗೋವಾಕ್ಕೆ ಹೊರಗಿನದಲ್ಲ, ಆದ್ದರಿಂದ ಆ ಆಯ್ಕೆಯನ್ನು ನಾನು ಆಕ್ಷೇಪಿಸುವುದಿಲ್ಲ. ನನ್ನ ಆಕ್ಷೇಪ ಬೇರೆ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಬಿತ್ತರಿಸುವ ಹಕ್ಕಿಲ್ಲ; ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು, ಅಷ್ಟೆ. 2012ರಲ್ಲಿ ಗಣಿಗಾರಿಕೆ ನಿಂತು ಸಾವಿರಾರು ಸಂಸಾರಗಳು ಕಂಗೆಟ್ಟಾಗಲೂ, ಮಹದಾಯಿ ನದಿಯ ನೀರಿಗಾಗಿ ಗೋವಾ, ಕರ್ನಾಟಕ ಎದುರುಬದುರಾದಾಗಲೂ ಈ ವಾಹಿನಿಗಳು ಸ್ವಂತ ವರದಿಗಾರನನ್ನು ಕಳಿಸುವಂತಿರಲಿಲ್ಲ. ಪತ್ರಿಕೆಗೆ, ಟಿವಿಗೆ ಇರುವ ಹಕ್ಕು ರೇಡಿಯೊಗೆ ಏಕಿಲ್ಲ ಎಂಬುದಕ್ಕೆ ಒಪ್ಪಿಕೊಳ್ಳಬಹುದಾದ ಉತ್ತರ ಈವರೆಗೆ ಬಂದಿಲ್ಲ.

ಆದರೆ ಎಲ್ಲ ತಪ್ಪನ್ನೂ ಕಾನೂನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹವಾಮಾನ, ಸಂಚಾರ, ನೀರು–ವಿದ್ಯುತ್, ಪರೀಕ್ಷೆ, ಉದ್ಯೋಗಾವಕಾಶ, ಪ್ರಕೃತಿ ವಿಕೋಪದ ಮಾಹಿತಿಗೆ 2011ರ ಎಫ್‌ಎಂ ನೀತಿಯೇ ಅವಕಾಶ ಕೊಟ್ಟಿದೆ. 2011ರ ಜನಗಣತಿಯಂತೆ ಗೋವಾದಲ್ಲಿ ಸುಮಾರು ಶೇ. 4.6 ಜನರ ಮಾತೃಭಾಷೆ ಕನ್ನಡ. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಗುಳೆ ಹೋಗಿ ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ನೆಲೆಸಿದ ಕಟ್ಟಡ ಕೂಲಿಗಳು, ಮೀನು ಬಂದರಿನ ಕೆಲಸಗಾರರು ಅವರಲ್ಲಿದ್ದಾರೆ. ಜಾಹೀರಾತುದಾರನ ಲೆಕ್ಕದಲ್ಲಿ ಇವರು ಗಿರಾಕಿಗಳಲ್ಲ, ಆದ್ದರಿಂದ ಕೇಳುಗರೂ ಅಲ್ಲ. ವಾಣಿಜ್ಯ ಬಾನುಲಿಯ ದೊಡ್ಡ ಸೋಲು ಇದು. ಇದೇ ಕರಾವಳಿಯ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಸಂಸ್ಥೆಯ ಸಮುದಾಯ ಬಾನುಲಿ ಸಾರಂಗ್ ಕನ್ನಡ, ತುಳು, ಕೊಂಕಣಿ, ಬ್ಯಾರಿಗಳಲ್ಲಿ ಮಾತಾಡುತ್ತದೆ. ಬಹುಭಾಷೆಯ ಊರಿಗೆ ಬಹುಭಾಷೆಯ ರೇಡಿಯೊ ಅಸಾಧ್ಯವಲ್ಲ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಸ್ವತ್ತನ್ನು ಬಳಸಿ ಲಾಭ ಮಾಡುವವರು ಸರಕಾರಕ್ಕೆ ಶುಲ್ಕ ಕಟ್ಟಿದ ಮಾತ್ರಕ್ಕೆ ಜನರ ಋಣ ತೀರುವುದಿಲ್ಲ. ಕೇಂದ್ರ ಸರಕಾರ ಸುದ್ದಿಯ ಮೇಲಿನ ನಿರ್ಬಂಧ ತೆಗೆಯಬೇಕು. ವಾಹಿನಿಗಳು ಈಗಾಗಲೇ ಇರುವ ಅವಕಾಶವನ್ನು ಕೊಂಕಣಿಯಲ್ಲೂ ವಲಸಿಗರ ಭಾಷೆಗಳಲ್ಲೂ ಪೂರ್ತಿ ಬಳಸಬೇಕು. ಗೋವಾದ ವಾಣಿಜ್ಯ ಬಾನುಲಿ ಕೇಳುಗರನ್ನು ರಂಜಿಸಬಲ್ಲದೆಂದು ಎಂದೋ ಸಾಬೀತು ಮಾಡಿದೆ. ಅವರಿಗೆ ಉಪಯೋಗಕ್ಕೆ ಬರಬಲ್ಲದೆಂದು ಸಾಬೀತು ಮಾಡುವ ಕೆಲಸ ಇನ್ನೂ ಬಾಕಿಯಿದೆ.