ಮುಚ್ಚೋದು ಗೊತ್ತು, ತೆರೆಯೋದು?

ಹಳೇ ಬೋಟಿನ ಡೆಕ್ ಮೇಲೆ ಪೆಟ್ರೋಲ್ ವಾಸನೆ ಬಂದರೆ ಅದು ಬರೀ ವಾಸನೆ ಅಲ್ಲ, ನೋಟಿಸು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ಬೋಟಿನ ತಳದಲ್ಲಿ ಕೂರುತ್ತೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದರೂ ಸಾಕು, ಉಳಿದದ್ದನ್ನು ಒಂದು ಕಿಡಿ ನೋಡಿಕೊಳ್ಳುತ್ತೆ.

1970-80ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ ಎಷ್ಟೋ ಫೈಬರ್‌ಗ್ಲಾಸ್ ಬೋಟುಗಳಲ್ಲಿ ಅಲ್ಯೂಮಿನಿಯಂ ಟ್ಯಾಂಕನ್ನು ಡೆಕ್ಕಿನ ಕೆಳಗಿಟ್ಟು, ಸುತ್ತ ಫೋಮ್ ಸುರಿದು, ಮೇಲಿಂದ ಮುಚ್ಚಿಬಿಟ್ಟರು. ಇದರಲ್ಲಿ ಜಾಣತನ ಇಲ್ಲ ಅಂತಲ್ಲ. ಭಾರ ಕೆಳಗೆ, ನಡುವೆ ಇದ್ದರೆ ಬೋಟು ಸ್ಥಿರ. ಮೇಲೆ ಓಡಾಡೋಕೆ ಜಾಗವೂ ಸಿಗುತ್ತೆ. ಅಲೆಗೆ ಟ್ಯಾಂಕು ಅಲುಗಾಡದ ಹಾಗೆ ಫೋಮ್ ಹಿಡಿದುಕೊಳ್ಳುತ್ತೆ. ಆದರೆ ಬೋಟಿನ ಒಡಲಿಗಿಂತ ಟ್ಯಾಂಕಿನ ಆಯಸ್ಸು ಕಮ್ಮಿ ಅನ್ನೋ ಸರಳ ಸತ್ಯವನ್ನೇ ಆ ವಿನ್ಯಾಸ ಮರೆತಿತು. ಬಾತ್‌ರೂಮಿನ ಗೋಡೆಯೊಳಗೆ ಪೈಪು ಹೂತು, ಸೋರಿದಾಗ ಟೈಲ್ಸ್ ಒಡೆಯೋ ನಮ್ಮ ಬಿಲ್ಡರ್‌ಗಳ ಜಾತಿಯದೇ ಮರೆವು ಇದು.

ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಒಂದು ತೆಳು ಆಕ್ಸೈಡ್ ಪದರ ಕಟ್ಟಿಕೊಂಡು ಬದುಕುವ ಲೋಹ. ಆ ಪದರ ಉಳಿಯೋಕೆ ಆಮ್ಲಜನಕ ಬೇಕು. ಸ್ಕ್ರೂ ತೂತಿನಿಂದ ಇಳಿದ ಉಪ್ಪುನೀರು ಫೋಮಿಗೂ ಲೋಹಕ್ಕೂ ನಡುವೆ ಸಿಕ್ಕಿಕೊಂಡರೆ ಅಲ್ಲಿಗೆ ಗಾಳಿ ಆಡಲ್ಲ. ಚುಕ್ಕಿ ಚುಕ್ಕಿಯಾಗಿ ಹೊರಗಿನಿಂದಲೇ ಕೊರೆತ ಶುರು. ಅಮೆರಿಕದ ಬೋಟು ಉದ್ಯಮದ ಮಾನದಂಡ ಇಂಥ ಟ್ಯಾಂಕಿಗೆ ಕೇಳೋ ಕನಿಷ್ಠ ದಪ್ಪ 0.090 ಇಂಚು, ಅಂದರೆ ಸುಮಾರು 2.3 ಮಿಲಿಮೀಟರ್. ಟ್ಯಾಂಕಿನ ನೆತ್ತಿಯ ಮೇಲೆ ನೀರು ನಿಲ್ಲಬಾರದು ಅಂತ ಅಲ್ಲಿನ ನಿಯಮ ಹೇಳುತ್ತೆ. ಪಕ್ಕದಲ್ಲಿ, ತಳದಲ್ಲಿ ನಿಂತ ನೀರನ್ನು ಯಾರು ನೋಡ್ತಾರೆ?

ಆದರೆ ನನ್ನ ತಕರಾರು ಹಳಬರ ಮೇಲಲ್ಲ, ಈಗ ರಿಪೇರಿ ಮಾಡುವವರ ಮೇಲೆ. ಡೆಕ್ ಕೊಯ್ದು, ತೂತುಬಿದ್ದ ಟ್ಯಾಂಕ್ ಕಿತ್ತು, ಹೊಸದು ಇಳಿಸಿ, ಮತ್ತೆ ಫೋಮ್ ಸುರಿದು, ಮುಚ್ಚಳವನ್ನು ತ್ರೀಎಂ 5200 ಥರದ ಶಾಶ್ವತ ಅಂಟು ಹಾಕಿ ಕೂರಿಸ್ತಾರೆ. ಅಷ್ಟು ಬೆವರು ಸುರಿಸಿ, ಅದೇ ತಪ್ಪಿಗೆ ಇನ್ನೊಂದು ಅವಧಿ! ಫೋಮಿನೊಳಗೇ ದಶಕಗಟ್ಟಲೆ ಚೆನ್ನಾಗಿದ್ದ ಟ್ಯಾಂಕ್‌ಗಳಿಲ್ಲವೇ ಅಂದರೆ, ಇವೆ. ಫೋಮ್ ಲೋಹಕ್ಕೆ ಗಟ್ಟಿಯಾಗಿ ಕಚ್ಚಿ, ನೀರು ಒಳಗೆ ಹೋಗದಿದ್ದರೆ ಅದು ಬಾಳುತ್ತೆ. ಅಷ್ಟು ಸ್ಕ್ರೂಗಳಿರುವ ಡೆಕ್ಕಿನ ಕೆಳಗೆ ನೀರೇ ಇಳಿಯಲ್ಲ ಅಂತ ಬೆಟ್ ಕಟ್ಟೋಕೆ ನೀವು ತಯಾರಿದ್ದೀರಾ?

ನಾನು ಒಪ್ಪುವ ದಾರಿ ಬೇರೆ. ಟ್ಯಾಂಕಿನ ತಳಕ್ಕೆ ನಿಯೋಪ್ರೀನ್ ಪಟ್ಟಿಗಳನ್ನು ಸಂದಿಯಿಲ್ಲದ ಹಾಗೆ ಅಂಟಿಸಿ, ಆ ಪಟ್ಟಿಗಳ ಮೇಲೆ ಕೂರಿಸಬೇಕು. ಕಾರ್ಪೆಟ್ ತುಂಡು ಬೇಡ, ಅದು ನೀರು ಕುಡಿದು ಇಟ್ಟುಕೊಳ್ಳುತ್ತೆ. ಸುತ್ತ ಗಾಳಿಯಾಡಬೇಕು, ನೀರು ಹರಿದುಹೋಗಬೇಕು, ಅಲುಗದಂತೆ ಬಿಗಿ ಕಟ್ಟೂ ಇರಬೇಕು. ಪ್ಲಾಸ್ಟಿಕ್ ಟ್ಯಾಂಕಾದರೆ ಪೆಟ್ರೋಲ್ ತುಂಬಿದ ಮೇಲೆ ಸುಮಾರು ಶೇ. 2ರಷ್ಟು ಹಿಗ್ಗುತ್ತೆ, ಅದಕ್ಕೂ ಜಾಗ ಬಿಡಬೇಕು. ಮುಚ್ಚೋಕೆ ಮುಂಚೆ 3 ಪಿಎಸ್ಐ ಒತ್ತಡದಲ್ಲಿ ಸೋರಿಕೆ ಪರೀಕ್ಷೆ ಆಗಲೇಬೇಕು. ಪೆಟ್ರೋಲ್ ತುಂಬುವ ಹಳೇ ಹೋಸ್‌ಗಳನ್ನೂ ಅವತ್ತೇ ಬದಲಿಸಿ, ಎರಡೆರಡು ಕ್ಲ್ಯಾಂಪ್ ಹಾಕಿ. ಡೆಕ್ ತೆರೆದಾಗ ಉಳಿಸಿದ ದುಡ್ಡು ಉಳಿತಾಯ ಅಲ್ಲ.

ಕೊನೆಗೆ ಮುಚ್ಚಳ. ಅದನ್ನು ಸ್ಕ್ರೂ ಹಾಕಿ, ಬ್ಲೇಡಿಗೆ ಬಿಟ್ಟುಕೊಡುವ ಸೀಲಂಟ್ ಬಳಿದು ಮುಚ್ಚಿ. ಕೀಲುಗಳು, ಗೇಜಿನ ವೈರುಗಳು ಇರೋ ಕಡೆ ಕೈಹಾಕುವಷ್ಟು ತಪಾಸಣೆ ಕಿಂಡಿ ಬಿಡಿ. ಮುಚ್ಚಳದ ಒಳಬದಿಯಲ್ಲಿ ಟ್ಯಾಂಕ್ ಇಳಿಸಿದ ತಾರೀಕನ್ನು ಮಾರ್ಕರಿನಲ್ಲಿ ಬರೆದಿಡಿ. ಸೀಲ್ ಮಾಡೋದು ನೀರನ್ನು ಹೊರಗಿಡೋಕೆ. ನಾಳೆ ಬರೋ ಮೆಕ್ಯಾನಿಕ್ಕನ್ನಲ್ಲ.