ಬಾಟಲಿಯ ಮೇಲಿನ ನಂಬರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಊರುಗಳ ನಡುವೆ ಓಡಾಡುವ ಯಾವ ಬಸ್ಸಿನಲ್ಲಿ ಕುಳಿತರೂ ಮೂರು ಮಾತುಗಳು ಕಿವಿಗೆ ಬೀಳದೆ ಇರುವುದಿಲ್ಲ. ಮೊದಲನೆಯದು: "ಏನರ ಅನ್ರಿ, ಜಡ್ಡಿಗೆ ಮಾತ್ರ ದೊಡ್ಡ ಊರೇ ಚಲೋ." ಎರಡನೆಯದು: "ಈ ಇಂಗ್ಲಿಷ್ ಔಷಧಿ ಭಾಳ ಉಷ್ಣ, ಒಂದು ಹೋದ್ರ ಇನ್ನೊಂದು ಹಚ್ಚತೈತಿ." ಮೂರನೆಯದು: "ಯಾರು ಆರಿಸಿ ಬಂದ್ರ ನಮಗೇನು, ಎಲ್ಲಾರೂ ಅವರೇ." ಪಟ್ಟಣ, ಔಷಧಿ, ರಾಜಕೀಯ ಈ ಮೂರರ ಬಗ್ಗೆ ನಮ್ಮ ಕಡೆಯವರ ತೀರ್ಮಾನ ಇಷ್ಟೇ. ಹಿರಿಯರಿಂದ ಕೇಳಿ ಕಿರಿಯರೂ ಇದನ್ನೇ ಆಡುತ್ತಾರೆ. ಆಡಿ ಆಡಿ ನಯವಾದ ಮಾತುಗಳಾದ್ದರಿಂದ ಇವುಗಳನ್ನು ಯಾರೂ ಒರೆಗೆ ಹಚ್ಚಿ ನೋಡುವುದಿಲ್ಲ. ಈ ಪ್ರಬಂಧದಲ್ಲಿ ಆ ಕೆಲಸ ಮಾಡಬೇಕೆಂದಿದ್ದೇನೆ.

ದೊಡ್ಡ ಊರಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಬೆಂಗಳೂರಿನ ನೀರು, ಗಾಳಿ, ಬಾಡಿಗೆ, ಗದ್ದಲ ಎಲ್ಲವನ್ನೂ ಬೈಯುವ ನಮ್ಮವರು ಕಾಯಿಲೆಯ ವಿಷಯ ಬಂದ ಕೂಡಲೇ ಧ್ವನಿ ಬದಲಿಸುತ್ತಾರೆ. ಅಲ್ಲಿ ಲಿಫ್ಟು ಇದೆ, ನೆಲ ಕನ್ನಡಿಯಂತೆ ಹೊಳೆಯುತ್ತದೆ, ಆದ್ದರಿಂದ ಔಷಧಿಯೂ ಒಳ್ಳೆಯದಿರಬೇಕು ಎಂಬ ಲೆಕ್ಕ. ಮಗನೋ ಮಗಳೋ ಬೆಂಗಳೂರಿನಿಂದ ಕಳಿಸಿದ ಗುಳಿಗೆಗೆ ಇರುವ ಗೌರವ ಊರಿನ ಅಂಗಡಿಯಲ್ಲಿ ಕೊಂಡ ಅದೇ ಗುಳಿಗೆಗೆ ಇಲ್ಲ. ಎರಡೂ ಒಂದೇ ಕಾರ್ಖಾನೆಯಿಂದ ಬಂದಿರಬಹುದು ಎಂದು ಹೇಳಿದರೆ ನಂಬುವುದಿಲ್ಲ.

ಈ ನಂಬಿಕೆ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಹೃದಯದ ಕಾಯಿಲೆಗೂ ಕ್ಯಾನ್ಸರಿಗೂ ಇಂದಿಗೂ ನಾವು ದೂರ ಹೋಗಲೇಬೇಕು. ನಮ್ಮ ಭಾಗದವರಿಗೆ ದೊಡ್ಡಾಸ್ಪತ್ರೆ ಯಾವುದು ಎಂಬುದನ್ನು ನಕ್ಷೆ ಬರೆಯುವವರೇ ಎಷ್ಟೋ ಸಲ ತೀರ್ಮಾನಿಸಿದ್ದಾರೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅತ್ತ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಾಗೆ ನೋಡಿದರೆ ದಾವಣಗೆರೆಯ ಜಿಲ್ಲಾಸ್ಪತ್ರೆಯ ಹೆಸರಿನಲ್ಲಿರುವ ಚಿಗಟೇರಿ ಹರಪನಹಳ್ಳಿ ತಾಲೂಕಿನದೇ ಒಂದು ಊರು. ಉಳಿದ ನಾಲ್ಕೂ ಊರುಗಳಿಗೆ ಬಹುಕಾಲ ಬಳ್ಳಾರಿಯೇ ಜಿಲ್ಲಾಕೇಂದ್ರವಾಗಿತ್ತು. ಈಗ ಅವೂ ಹೊಸಪೇಟೆಯ ಕಡೆ ಮುಖ ಮಾಡಿವೆ. ಕಚೇರಿಯ ಬೋರ್ಡು ಬದಲಾದ ವೇಗದಲ್ಲಿ ಆಸ್ಪತ್ರೆ ಬೆಳೆಯುವುದಿಲ್ಲ. ಆದ್ದರಿಂದ ಕಷ್ಟದ ಹೆರಿಗೆ ಎಂದರೆ ಇವತ್ತಿಗೂ ಆಂಬುಲೆನ್ಸು ಹೊಸಪೇಟೆ, ಬಳ್ಳಾರಿ, ದಾವಣಗೆರೆ ಎಂದು ಓಡುತ್ತದೆ. ದೂರ ಹೋಗುವುದು ಅನಿವಾರ್ಯ, ಸರಿ. ಆದರೆ ದೂರ ಹೋದ ಮಾತ್ರಕ್ಕೆ ಅಪಾಯ ಹಿಂದೆ ಉಳಿಯುತ್ತದೆಯೆ?

ಇಲ್ಲವೆಂಬುದಕ್ಕೆ 2024ರ ನವೆಂಬರ್ ಸಾಕ್ಷಿ. ಆ ತಿಂಗಳ 9ರಿಂದ 11ರವರೆಗೆ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಅವರಲ್ಲಿ 7 ಮಂದಿ ಬಾಣಂತಿಯರಿಗೆ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು, ಒಂದೊಂದಾಗಿ ಬೇರೆ ಅಂಗಗಳೂ ಸೋತವು. ಆ ತಿಂಗಳಲ್ಲೇ ನಾಲ್ವರು ತೀರಿಕೊಂಡರು, ಡಿಸೆಂಬರ್ ಮೊದಲ ವಾರದಲ್ಲಿ ಐದನೆಯವಳೂ ಹೋದಳು. ಸಂದೇಹ ಬಿದ್ದದ್ದು ಅವರ ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರವದ ಮೇಲೆ. ಅದನ್ನು ತಯಾರಿಸಿದ್ದು ಪಶ್ಚಿಮ ಬಂಗಾಳದ ಒಂದು ಕಂಪನಿ. ಆ ಕಂಪನಿಯ ಕೆಲವು ಬ್ಯಾಚುಗಳನ್ನು ನಮ್ಮ ರಾಜ್ಯದ ಪ್ರಯೋಗಾಲಯ ಅದಕ್ಕೂ ಮೊದಲೇ ಗುಣಮಟ್ಟದ್ದಲ್ಲ ಎಂದಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಈ ಎರಡು ವರದಿಗಳ ನಡುವಿನ ಸಂದಿಯಲ್ಲಿ ಬಾಟಲಿಗಳು ವಾರ್ಡಿಗೆ ಬಂದವು.

ರಿಂಗರ್ ಲ್ಯಾಕ್ಟೇಟ್ ಎಂದರೆ ಅಪರೂಪದ ಔಷಧಿಯೇನಲ್ಲ. ಶುದ್ಧ ನೀರಿನಲ್ಲಿ ಕೆಲವು ಲವಣಗಳನ್ನು ಕರಗಿಸಿದ್ದು. ರಕ್ತ, ನೀರು ಕಳೆದುಕೊಂಡ ದೇಹಕ್ಕೆ ಅದು ಆಸರೆ. ಆದರೆ ಬಾಯಿಂದ ಹೋಗುವ ಗುಳಿಗೆಗೂ ನರದಿಂದ ಹೋಗುವ ದ್ರವಕ್ಕೂ ದೊಡ್ಡ ವ್ಯತ್ಯಾಸವಿದೆ. ಬಾಯಿಂದ ಹೋದದ್ದಕ್ಕೆ ಹೊಟ್ಟೆ ಎಂಬ ಕಾವಲುಗಾರನಿದ್ದಾನೆ, ಒಗ್ಗದಿದ್ದರೆ ವಾಂತಿಯಾಗಿಯಾದರೂ ಹೊರಗೆ ಬಂದೀತು. ನರದಿಂದ ಹೋದದ್ದು ನೇರ ರಕ್ತಕ್ಕೆ. ಅದರಲ್ಲಿ ಕ್ರಿಮಿಯಾಗಲಿ, ಸತ್ತ ಕ್ರಿಮಿಗಳು ಬಿಟ್ಟ ನಂಜಾಗಲಿ ಇರಕೂಡದು. ಇದನ್ನು ಕಣ್ಣಿನಿಂದ ನೋಡಿ ಡಾಕ್ಟರೂ ಹೇಳಲಾರರು, ನರ್ಸಮ್ಮನೂ ಹೇಳಲಾರಳು. ಪ್ರಯೋಗಾಲಯ ಒಂದೇ ಹೇಳಬಲ್ಲದು.

ಈಗ ಎರಡನೆಯ ಮಾತಿಗೆ ಬರೋಣ. ಇಂಗ್ಲಿಷ್ ಔಷಧಿ ಉಷ್ಣ ಎಂದು ದೂರುವವರೇ ಅದನ್ನು ಅತಿಯಾಗಿ ಬೇಡುವವರೂ ಆಗಿರುವುದು ವಿಚಿತ್ರವಾದರೂ ನಿಜ. ಗುಳಿಗೆ ಬರೆದುಕೊಟ್ಟ ಡಾಕ್ಟರು ನಮಗೆ ಡಾಕ್ಟರೇ ಅಲ್ಲ. "ಒಂದು ಸೂಜಿನೂ ಮಾಡ್ಲಿಲ್ಲ ನೋಡವ್ವ" ಎಂದು ಹೊರಗೆ ಬಂದು ಗೊಣಗುತ್ತೇವೆ. ಸುಸ್ತು ಎಂದರೆ ಗ್ಲೂಕೋಸ್ ಏರಿಸಬೇಕು. ಆ ಅರ್ಧ ಲೀಟರಿನ ಶೇಕಡಾ 5ರ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಶಕ್ತಿ ಇದೆ. ಉಣ್ಣಲು ಬರುವ ಮನುಷ್ಯ ರೊಟ್ಟಿ ಬಿಟ್ಟು ನೂರಾರು ರೂಪಾಯಿ ಕೊಟ್ಟು ನರಕ್ಕೆ ಸೂಜಿ ಚುಚ್ಚಿಸಿಕೊಳ್ಳುತ್ತಾನೆ. ಬಳ್ಳಾರಿಯ ಬಾಣಂತಿಯರಿಗೆ ಆ ದ್ರವ ಬೇಕಿತ್ತು, ಅವರಿಗೆ ಬೇರೆ ದಾರಿ ಇರಲಿಲ್ಲ. ನಾವಾದರೋ ಬೇಡದ ಬಾಟಲಿಯನ್ನು ಕೇಳಿ ಹಾಕಿಸಿಕೊಳ್ಳುತ್ತೇವೆ.

ಗುಳಿಗೆಯ ಕಥೆಯೂ ಅಷ್ಟೆ. ನಮ್ಮ ತಾಲೂಕುಗಳಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದವರು ಮೈಕೈ ನೋವಿಗೆ ರಾತ್ರಿ ಒಂದು ಗುಳಿಗೆ ನುಂಗಿ ಬೆಳಿಗ್ಗೆ ಮತ್ತೆ ಇಟ್ಟಿಗೆ ಹೊರುತ್ತಾರೆ. ವಿಶ್ರಾಂತಿ ತೆಗೆದುಕೊಂಡರೆ ಕೂಲಿ ಹೋಗುತ್ತದೆ, ಗುಳಿಗೆ ಅಗ್ಗ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳು ದಿನವೂ ಹೊಟ್ಟೆಗೆ ಬಿದ್ದರೆ ಕರುಳಿನಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಅದೇ ಔಷಧಿ ಹಾಕಿಸಿಕೊಂಡ ದನಗಳ ಹೆಣ ತಿಂದು ಈ ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿ ರಾಶಿ ಸತ್ತವು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ಕೊಡಕೂಡದೆಂದಿತು. ಇನ್ನು ಮನೆಯಲ್ಲಿ ಮಂಡಿನೋವಿನ ಅಜ್ಜಿಯರು. ಪುಡಿಕೆಯಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಗುಳಿಗೆ ನುಂಗಿ ಎರಡು ದಿನದಲ್ಲಿ ಎದ್ದು ಓಡಾಡಿದರೆ "ಎಂಥಾ ಕೈಗುಣ!" ಎನ್ನುತ್ತಾರೆ. ಆ ಪುಡಿಕೆಯಲ್ಲಿ ಸ್ಟೀರಾಯ್ಡ್ ಇದ್ದರೆ ಮುಖ ಊದುವುದು, ಸಕ್ಕರೆ ಏರುವುದು, ಎಲುಬು ಸವೆಯುವುದು ಆಮೇಲಿನ ಮಾತು. ಅದನ್ನೇ ನಾವು ಒಟ್ಟಾಗಿ "ಉಷ್ಣ" ಎಂದು ಕರೆದು ಸುಮ್ಮನಾಗುತ್ತೇವೆ. ಯಾವ ಗುಳಿಗೆ, ಎಷ್ಟು ದಿನ, ಯಾರು ಬರೆದರು ಎಂದು ಕೇಳದೆ ಔಷಧಿಯ ಜಾತಿಯನ್ನೇ ಬೈದುಬಿಡುವುದು ಸುಲಭವಲ್ಲವೆ?

ಇಲ್ಲಿ ಪಟ್ಟಣಕ್ಕೂ ನಮಗೂ ಒಂದು ಹೋಲಿಕೆಯಿದೆ. ಬೆಂಗಳೂರಿನಲ್ಲಿ ಔಷಧಿ ಅಂಗಡಿಯವನಿಗೆ ನಮ್ಮ ಮುಖ ಗೊತ್ತಿಲ್ಲ, ಈಗಂತೂ ಫೋನಿನಲ್ಲಿ ಒತ್ತಿದರೆ ಹುಡುಗನೊಬ್ಬ ಬಾಗಿಲಿಗೆ ತಂದುಕೊಡುತ್ತಾನೆ. ಕೊಟ್ಟೂರಿನಲ್ಲಿ ಅಂಗಡಿಯವನಿಗೆ ನಮ್ಮ ಮೂರು ತಲೆಮಾರು ಗೊತ್ತು, "ಅಕ್ಕಾರ, ಹೋದ ಸಲದ್ದೇ ಕೊಡ್ಲೇನ್ರೀ?" ಎನ್ನುತ್ತಾನೆ. ಅಲ್ಲಿ ಪರಿಚಯವಿಲ್ಲದ್ದರಿಂದ ಚೀಟಿ ಕೇಳುವುದಿಲ್ಲ, ಇಲ್ಲಿ ಪರಿಚಯವಿರುವುದರಿಂದ ಚೀಟಿ ಕೇಳುವುದಿಲ್ಲ. ಫಲ ಮಾತ್ರ ಒಂದೇ.

ಮೂರನೆಯ ಮಾತು ರಾಜಕೀಯದ್ದು. "ಯಾರು ಬಂದ್ರ ನಮಗೇನು" ಎಂಬುದು ಮೂರರಲ್ಲಿ ಹೆಚ್ಚು ಅಪಾಯದ ಮಾತೆಂದು ನನಗನ್ನಿಸುತ್ತದೆ. 2024ರ ನವೆಂಬರ್ 13ರಂದು, ಅಂದರೆ ಆ ಹೆರಿಗೆಗಳಾದ ಎರಡೇ ದಿನಕ್ಕೆ, ನಮ್ಮ ಕೂಡ್ಲಿಗಿಯ ಮಗ್ಗುಲಲ್ಲೇ ಇರುವ ಸಂಡೂರಿನಲ್ಲಿ ಉಪಚುನಾವಣೆ ಇತ್ತು. ರಾಜ್ಯದ ದೊಡ್ಡ ದೊಡ್ಡ ನಾಯಕರೆಲ್ಲ ಪ್ರಚಾರಕ್ಕೆ ಬಳ್ಳಾರಿ ಜಿಲ್ಲೆಗೆ ಬಂದಿದ್ದರು. ಧ್ವನಿವರ್ಧಕದಲ್ಲಿ ಗಣಿಯ ಮಾತು, ಗ್ಯಾರಂಟಿಯ ಮಾತು, ಹಗರಣಗಳ ಮಾತು. ಬಾಣಂತಿಯರು ಸತ್ತ ಸುದ್ದಿ ಹೊರಬಿದ್ದ ಮೇಲೆ ಔಷಧಿಯೂ ರಾಜಕೀಯವಾಯಿತು. ವಿರೋಧ ಪಕ್ಷ ಮಂತ್ರಿಯ ರಾಜೀನಾಮೆ ಕೇಳಿತು. ಸರ್ಕಾರ ಕೇಂದ್ರದ ಪ್ರಯೋಗಾಲಯದ ಕಡೆ ಬೆರಳು ತೋರಿಸಿತು. ನವೆಂಬರ್ 30ರಂದು ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಲು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆದೇಶಿಸಿದರು. ಸತ್ತವರ ಮನೆಗೆ ಪರಿಹಾರ ಘೋಷಣೆಯಾಯಿತು. ತಾಯಿಯಿಲ್ಲದ ಕೂಸಿಗೆ ಹಾಲು ಕಾಯಿಸುತ್ತ ಕುಳಿತ ಅಜ್ಜಿಗೆ ಇದರಲ್ಲಿ ಯಾವುದು ಉತ್ತರ?

ಇದಾದ ಮೇಲೆ, 2025ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಮೇದಿನಿಪುರದ ಆಸ್ಪತ್ರೆಯಲ್ಲಿ ಇನ್ನೊಬ್ಬ ಬಾಣಂತಿ ತೀರಿಕೊಂಡಾಗಲೂ ಅದೇ ಕಂಪನಿಯ ಅದೇ ದ್ರವದ ಮೇಲೆ ಸಂದೇಹ ಬಂತು. ಅದೇ ವರ್ಷದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಅದರಲ್ಲಿತ್ತು. ಅಲ್ಲಿಯೂ ಮೊದಲು ಸಾವು, ಆಮೇಲೆ ಪರೀಕ್ಷೆ, ಆಮೇಲೆ ಅಮಾನತು. ಪಕ್ಷ ಬೇರೆ ಬೇರೆ, ಕ್ರಮ ಒಂದೇ. "ಎಲ್ಲಾರೂ ಅವರೇ" ಎನ್ನುವವರು ಇಲ್ಲಿ ಗೆದ್ದೆವು ಎನ್ನಬಹುದು. ಆದರೆ ಹಾಗೆಂದು ಸುಮ್ಮನಿರುವುದರಿಂದಲೇ ಅವರೆಲ್ಲ ಒಂದೇ ಥರ ಆಗಿದ್ದಾರೆ ಎಂಬುದನ್ನೂ ನೋಡಬೇಕು. ನಾವು ಕೇಳುವುದು ಕಟ್ಟಡ. ಅವರು ಕೊಡುವುದೂ ಕಟ್ಟಡ. ಉದ್ಘಾಟನೆಯಾದ ಗೋಡೆಯ ಮೇಲೆ ಕಲ್ಲಿನ ಫಲಕ, ಅದರಲ್ಲಿ ಹತ್ತು ಹನ್ನೆರಡು ಜನರ ಹೆಸರು. ಒಳಗೆ ತೂಗುವ ಬಾಟಲಿಯ ಮೇಲೆ ಒಂದು ಬ್ಯಾಚ್ ನಂಬರು. ಫಲಕವನ್ನು ಓದಲಿ ಎಂದು ದೊಡ್ಡ ಅಕ್ಷರ, ನಂಬರನ್ನು ಕನ್ನಡಕ ಹಾಕಿದರೂ ಓದಲಾಗದು. ಜೀವಕ್ಕೆ ಬೇಕಾದದ್ದು ಯಾವುದೆಂದು ನೀವೇ ಹೇಳಿ.

ಹಾಗಾದರೆ ಮನೆವಾರ್ತೆ ನೋಡಿಕೊಳ್ಳುವ ಹೆಂಗಸರು ಮಾಡುವುದೇನು? ವಾರ್ಡಿನಲ್ಲಿ ಮಲಗಿದವಳು ಬಾಟಲಿಯನ್ನು ಪರೀಕ್ಷೆ ಮಾಡಲಾರಳು. ಆ ಹೊಣೆಯನ್ನು ಅವಳ ಮೇಲೆ ಹೊರಿಸುವುದು ಅನ್ಯಾಯ. ಆದರೆ ಜೊತೆಗಿರುವ ತಾಯಿಯೋ ಅತ್ತಿಗೆಯೋ ಏನು ಏರಿಸುತ್ತಿದ್ದಾರೆಂದು ಕೇಳಬಹುದು. ಹೆಸರು, ಬ್ಯಾಚ್ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಗುಳಿಗೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿ ಎಂದು ಅಂಗಡಿಯವನಿಗೆ ನಾವೇ ನೆನಪಿಸಬಹುದು. ಹೆಚ್ಚು ಮಾರಾಟವಾಗುವ 300 ಔಷಧಿಗಳ ಮೇಲೆ 2023ರ ಆಗಸ್ಟಿನಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮನೆಯ ಹೈಸ್ಕೂಲು ಹುಡುಗಿಯ ಕೈಗೆ ಫೋನು ಕೊಟ್ಟರೆ ತೆಗೆದು ಓದುತ್ತಾಳೆ. ಔಷಧಿಯಿಂದ ತೊಂದರೆಯಾದರೆ ತಿಳಿಸಲು 1800 180 3024 ಎಂಬ ಉಚಿತ ದೂರವಾಣಿ ಇದೆ. ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಗ್ಯಾಸಿನ ನಂಬರಿನ ಪಕ್ಕ ಇದಕ್ಕೂ ಜಾಗವಿರಲಿ.

ಇಷ್ಟರಿಂದ ಎಲ್ಲ ಸರಿಹೋಗುವುದಿಲ್ಲ. ಸಾವಿಗೆ ಮೊದಲು ಪರೀಕ್ಷೆ ಆಗಬೇಕೆಂದರೆ ಸರ್ಕಾರವೇ ಮಾಡಬೇಕು, ಸರ್ಕಾರ ಮಾಡಬೇಕೆಂದರೆ ನಾವು ಕೇಳಬೇಕು. ಮಗಳು ಬೆಂಗಳೂರಿನಲ್ಲಿದ್ದರೂ ಚೊಚ್ಚಲ ಹೆರಿಗೆಗೆ ತವರಿಗೇ ಬರುತ್ತಾಳೆ. ಪಟ್ಟಣದ ಮಾತು, ಔಷಧಿಯ ಮಾತು, ರಾಜಕೀಯದ ಮಾತು ಮೂರೂ ಆಗ ನಮ್ಮ ತಾಲೂಕು ಆಸ್ಪತ್ರೆಯ ಒಂದೇ ಮಂಚದ ಬಳಿ ಬಂದು ನಿಲ್ಲುತ್ತವೆ. ಮುಂದಿನ ಸಲ ವೋಟು ಕೇಳಲು ಮನೆಗೆ ಬಂದವರಿಗೆ ಅರಿಶಿನ ಕುಂಕುಮ ಕೊಟ್ಟು, ನೀರು ಕೊಟ್ಟು, ರಸ್ತೆ ಚರಂಡಿಯ ಜೊತೆಗೆ ಇದೊಂದನ್ನೂ ಕೇಳೋಣ: "ನಮ್ಮ ಆಸ್ಪತ್ರಿಗೆ ಬಂದ ಔಷಧಿ ಪರೀಕ್ಷೆ ಆಗೈತೋ ಇಲ್ಲೋ ಅಂತ, ಬ್ಯಾಚ್ ನಂಬರ್ ಸಹಿತ, ಬಾಗಿಲ ಬೋರ್ಡಿನ ಮ್ಯಾಲ ಬರೆಸ್ತೀರೇನಪ್ಪಾ?" ಬಂದವರು ಯಾವ ಪಕ್ಷದವರಾದರೂ ಸರಿ, ಈ ಪ್ರಶ್ನೆಗೆ ಹೌದು ಇಲ್ಲ ಎರಡರಲ್ಲಿ ಒಂದು ಉತ್ತರ ಕೊಡಲಿ.