ವೃತ್ತಿಶಿಕ್ಷಣ: ಕಾರ್ಖಾನೆಯ ಬಾಗಿಲು, ಕಾಲೇಜಿನ ಬಾಗಿಲು

ಹತ್ತನೆಯ ತರಗತಿ ಮುಗಿಸಿದ ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಿ. ಒಬ್ಬಳು ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರುತ್ತಾಳೆ, ಇನ್ನೊಬ್ಬ ಐಟಿಐನಲ್ಲಿ ಫಿಟ್ಟರ್ ತರಬೇತಿಗೆ ಸೇರುತ್ತಾನೆ. ಕೆಲವೇ ವಾರಗಳಲ್ಲಿ ಇಬ್ಬರ ಕೈಗೂ ಒಂದೇ ಉಪಕರಣ ಬರುತ್ತದೆ: ವರ್ನಿಯರ್ ಕ್ಯಾಲಿಪರ್ಸ್. ಅವಳು ಅದರ ಲೀಸ್ಟ್ ಕೌಂಟ್ ಕಂಡುಹಿಡಿದು, ಸಿಲಿಂಡರಿನ ವ್ಯಾಸ ಅಳೆದು, ಸರಾಸರಿ ತೆಗೆದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾಳೆ. ಅವನು ಅರದಿಂದ ಉಜ್ಜಿದ ಉಕ್ಕಿನ ತುಂಡು ನಕ್ಷೆಯಲ್ಲಿರುವ ಅಳತೆಗೆ ಬಂದಿದೆಯೇ ಎಂದು ನೋಡುತ್ತಾನೆ. ಅಳತೆ ತಪ್ಪಿದರೆ ಏನು ಕೆಡುತ್ತದೆ ಎಂಬುದು ಸಾಮಾನ್ಯವಾಗಿ ಅವಳಿಗೆ ತಿಳಿಯುವುದಿಲ್ಲ. ಉಪಕರಣ ಹೇಳಿದ್ದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಅವನಿಗೆ ತಿಳಿಯುವುದಿಲ್ಲ. ವಿದ್ಯೆ ಒಂದೇ, ನಾವು ಅದನ್ನು ಎರಡು ತುಂಡು ಮಾಡಿ ಇಬ್ಬರಿಗೆ ಹಂಚಿದ್ದೇವೆ.

ವೃತ್ತಿಶಿಕ್ಷಣದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಮಾತಿನ ಸುತ್ತ ತಿರುಗುತ್ತದೆ: ಕೈಗಾರಿಕೆಗೆ ಬೇಕಾದುದನ್ನು ಕಲಿಸಬೇಕು. ಇದು ಸರಿಯಾದ ಮಾತು, ಆದರೆ ಅರ್ಧ ಮಾತು. ವೃತ್ತಿಶಿಕ್ಷಣಕ್ಕೆ ಎರಡು ಬಾಗಿಲು ಬೇಕು. ಒಂದು ಕೆಲಸಕ್ಕೆ ತೆರೆಯುವ ಬಾಗಿಲು, ಇನ್ನೊಂದು ಮುಂದಿನ ಓದಿಗೆ ತೆರೆಯುವ ಬಾಗಿಲು. ಒಂದು ಮುಚ್ಚಿದರೆ ಕಾಲಕ್ರಮದಲ್ಲಿ ಇನ್ನೊಂದೂ ಮುಚ್ಚಿಕೊಳ್ಳುತ್ತದೆ. ನಮ್ಮ ರಾಜ್ಯದ ಅನುಭವವೇ ಇದಕ್ಕೆ ಸಾಕ್ಷಿ.

ಗುರಿಗಳ ಕಥೆ

1964-66ರ ಕೊಠಾರಿ ಆಯೋಗ ಪ್ರೌಢಶಿಕ್ಷಣ ಹಂತದಲ್ಲಿ ವೃತ್ತಿಶಿಕ್ಷಣಕ್ಕೆ ದೊಡ್ಡ ಸ್ಥಾನ ನೀಡಬೇಕೆಂದು ಹೇಳಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದಕ್ಕೆ ಅಂಕಿ ಹಾಕಿತು: ಪದವಿಪೂರ್ವ ಹಂತದ ವಿದ್ಯಾರ್ಥಿಗಳಲ್ಲಿ 1990ರ ವೇಳೆಗೆ ಶೇ. 10, 1995ರ ವೇಳೆಗೆ ಶೇ. 25 ಮಂದಿ ವೃತ್ತಿ ವಿಭಾಗಕ್ಕೆ ಬರಬೇಕು. 1992ರ ಪರಿಷ್ಕರಣೆಯಲ್ಲಿ ಈ ಗಡುವುಗಳನ್ನು 1995 ಮತ್ತು 2000ಕ್ಕೆ ಮುಂದೂಡಲಾಯಿತು. ಶೇ. 25ರ ಗುರಿ ಆಗಲೂ ಈಡೇರಲಿಲ್ಲ. 2020ರ ನೀತಿ, ಶಾಲೆ ಮತ್ತು ಉನ್ನತ ಶಿಕ್ಷಣದ ಕನಿಷ್ಠ ಶೇ. 50 ವಿದ್ಯಾರ್ಥಿಗಳಿಗೆ 2025ರ ವೇಳೆಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕು ಎಂದಿತು.

ಇಲ್ಲಿ ಒಂದು ಪದವನ್ನು ಗಮನಿಸಬೇಕು. 1986ರಲ್ಲಿ ಎಣಿಸಬೇಕೆಂದಿದ್ದುದು ವೃತ್ತಿ ವಿಭಾಗಕ್ಕೆ ಸೇರಿದವರನ್ನು. 2020ರಲ್ಲಿ ಎಣಿಸುವುದು 'ಪರಿಚಯ' ಆದವರನ್ನು. ಹತ್ತು ದಿನ ಬಡಗಿಯ ಬಳಿ ಕುಳಿತು ಬಂದವರಿಗೂ ಪರಿಚಯ ಆಗುತ್ತದೆ, ಎರಡು ವರ್ಷ ಮರಗೆಲಸ ಕಲಿತವರಿಗೂ ಆಗುತ್ತದೆ. ಗುರಿ ದುಪ್ಪಟ್ಟಾದಂತೆ ಕಂಡರೂ ಅಳತೆಗೋಲು ಸಡಿಲವಾಗಿದೆ. ಅಳತೆಯ ವಿಷಯದಲ್ಲಿ ವಿಜ್ಞಾನ ಶಿಕ್ಷಕರು ಇಂಥ ಸಡಿಲಿಕೆಯನ್ನು ಒಪ್ಪಬಾರದು.

ಜೆಒಸಿ ಕಲಿಸಿದ ಪಾಠ

ಕರ್ನಾಟಕದಲ್ಲಿ 1970ರ ದಶಕದ ಕೊನೆಯ ಭಾಗದಲ್ಲೇ ಪದವಿಪೂರ್ವ ಹಂತದಲ್ಲಿ ಜೆಒಸಿ ಎಂದು ಜನ ಕರೆಯುತ್ತಿದ್ದ ಉದ್ಯೋಗಾಧಾರಿತ ಕೋರ್ಸುಗಳು ಬಂದವು. ರೇಷ್ಮೆ ಕೃಷಿ, ವಿದ್ಯುತ್ ಉಪಕರಣಗಳ ದುರಸ್ತಿಯಂಥ ಉಪಯುಕ್ತ ವಿಷಯಗಳೇ ಅಲ್ಲಿದ್ದವು. 1986ರಲ್ಲಿ ಅಪ್ರೆಂಟಿಸ್ ಕಾಯಿದೆಗೆ ತಿದ್ದುಪಡಿ ತಂದು ಇಂಥ ವಿದ್ಯಾರ್ಥಿಗಳಿಗೆ ಕೈಗಾರಿಕೆಗಳಲ್ಲಿ ತರಬೇತಿ ಪಡೆಯುವ ಅವಕಾಶವನ್ನೂ ಕಲ್ಪಿಸಲಾಯಿತು. ಆದರೂ ಈ ಕೋರ್ಸುಗಳು ಉಳಿಯಲಿಲ್ಲ. ಕೊನೆಗೆ ಅವುಗಳಲ್ಲಿ ಅರೆಕಾಲಿಕವಾಗಿ ದುಡಿದಿದ್ದ ಸಿಬ್ಬಂದಿಯನ್ನು ಇತರ ಸರ್ಕಾರಿ ಸೇವೆಗಳಲ್ಲಿ ವಿಲೀನಗೊಳಿಸಲು 2011ರಲ್ಲಿ ರಾಜ್ಯ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ಸಿಬ್ಬಂದಿಗೆ ನ್ಯಾಯ ಸಿಕ್ಕಿತು. ಆದರೆ ಅವರ ಕಲಿಸುವ ಅನುಭವ ಬೇರೆ ಬೇರೆ ಕಚೇರಿಗಳ ಮೇಜುಗಳಿಗೆ ಹೋಯಿತು. ಮುಂದೆ ಬಂದ ಯೋಜನೆ ಮೊದಲಿನಿಂದ ಆರಂಭಿಸಬೇಕಾಯಿತು.

ಸೋಲಿಗೆ ಕಾರಣವೇನು? ವೃತ್ತಿಶಿಕ್ಷಣ ಪಡೆದು ಹೊರಬಂದವರಿಗೆ ಅದೇ ವೃತ್ತಿಯಲ್ಲಿ ಮುಂದೆ ಓದುವ ಸ್ಪಷ್ಟ ದಾರಿ ಇರಲಿಲ್ಲ, ಸಾಮಾನ್ಯ ಕಾಲೇಜುಗಳ ಪ್ರವೇಶ ನಿಯಮಗಳೂ ಅವರನ್ನು ಗಮನದಲ್ಲಿಟ್ಟು ರೂಪುಗೊಂಡಿರಲಿಲ್ಲ ಎಂದು ದೇಶದ ಒಟ್ಟು ಅನುಭವದ ಬಗ್ಗೆ 2020ರ ನೀತಿಯೇ ಒಪ್ಪಿಕೊಂಡಿದೆ. ಹೀಗಾದಾಗ ಪೋಷಕರು ಮಾಡುವ ಲೆಕ್ಕ ಸರಳ. ಮುಂದೆ ದಾರಿ ಇಲ್ಲದ ಕೋರ್ಸಿಗೆ ಓದಿನಲ್ಲಿ ಮುಂದಿರುವ ಮಗುವನ್ನು ಕಳಿಸುವುದಿಲ್ಲ. ಬೇರೆಲ್ಲೂ ಸೀಟು ಸಿಗದವರು ಮಾತ್ರ ಬರುತ್ತಾರೆ. ಅದನ್ನು ನೋಡಿದ ಉದ್ಯೋಗದಾತ ಆ ಪ್ರಮಾಣಪತ್ರಕ್ಕೆ ಬೆಲೆ ಕೊಡುವುದಿಲ್ಲ. ಕಾಲೇಜಿನ ಬಾಗಿಲು ಮುಚ್ಚಿದ್ದರಿಂದ ಕಾರ್ಖಾನೆಯ ಬಾಗಿಲೂ ಮುಚ್ಚಿಕೊಳ್ಳುವ ಬಗೆ ಇದು.

ಇಂದಿನ ವ್ಯವಸ್ಥೆ

2013ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಅಂದರೆ ಎನ್‌ಎಸ್‌ಕ್ಯುಎಫ್, ಈ ದೋಷವನ್ನು ಸರಿಪಡಿಸಲು ಹೊರಟಿತು. ಮೊದಲು ಹತ್ತು, 2023ರ ಪರಿಷ್ಕರಣೆಯ ನಂತರ ಎಂಟು ಮಟ್ಟಗಳ ಏಣಿ ಅದು. ಕೌಶಲ ಎಲ್ಲೇ ಕಲಿತಿದ್ದರೂ ಒಂದು ಮಟ್ಟದಿಂದ ಮೇಲಿನದಕ್ಕೆ ಏರಬಹುದು ಎಂಬುದು ಅದರ ಆಶಯ. ಆಶಯ ಒಳ್ಳೆಯದು. ಆದರೆ ಏಣಿಯ ಮೆಟ್ಟಿಲುಗಳನ್ನು ಎಣಿಸುವುದು ಬೇರೆ, ಮೇಲಿನ ಅಂತಸ್ತಿನ ಬಾಗಿಲು ತೆರೆದಿಡುವುದು ಬೇರೆ.

ನಮ್ಮ ಪ್ರೌಢಶಾಲೆಗಳಲ್ಲಿ ಈ ಚೌಕಟ್ಟಿನ ಐಟಿ, ಆಟೊಮೊಬೈಲ್, ರೀಟೇಲ್ ಮುಂತಾದ ವಿಷಯಗಳನ್ನು ತೃತೀಯ ಭಾಷೆಯ ಬದಲಿಗೆ ಆರಿಸಿಕೊಳ್ಳುವಂತೆ ಮಾಡಲಾಯಿತು. ವೇಳಾಪಟ್ಟಿಯಲ್ಲಿ ಜಾಗ ಹುಡುಕಲು ಇದು ಸುಲಭ ಉಪಾಯ. ಆದರೆ ವೃತ್ತಿ ವಿಷಯಕ್ಕೆ ಗಣಿತ, ವಿಜ್ಞಾನಗಳ ಪಕ್ಕದಲ್ಲಿ ಜಾಗ ಸಿಗಲಿಲ್ಲ. ಇನ್ನೊಂದರ ಜಾಗದಲ್ಲಿ ಬಾಡಿಗೆಗೆ ಕುಳಿತಂತಾಯಿತು. 2025ರ ಆಗಸ್ಟಿನಲ್ಲಿ ವರದಿ ಸಲ್ಲಿಸಿದ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ತೃತೀಯ ಭಾಷೆಯ ಸ್ಥಾನವೇ ಹೋದರೆ ಅದರ ಆಶ್ರಯದಲ್ಲಿದ್ದ ವೃತ್ತಿ ವಿಷಯ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಯೋಚಿಸುವುದು ಒಳಿತು.

ಐಟಿಐಗಳ ಕಡೆಗೆ ಬಂದರೆ, 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳು 4,700 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿದವು. ಕೈಗಾರಿಕೆಗಳೂ ಇದರಲ್ಲಿ ಪಾಲುದಾರರು. ಇದು ಸಣ್ಣ ಸಾಧನೆಯಲ್ಲ. ಅದೇ ವರ್ಷ ದೇಶದ ಐಟಿಐ ಪಠ್ಯಕ್ರಮದಲ್ಲಿ ವರ್ಷದ ಕಲಿಕೆಯ ಅವಧಿ 1600 ಗಂಟೆಗಳಿಂದ 1200 ಗಂಟೆಗಳಿಗೆ ಇಳಿಯಿತು. ಇದರ ಜೊತೆಗೆ 150 ಗಂಟೆಗಳ ಕಾರ್ಯಸ್ಥಳ ತರಬೇತಿ ಕಡ್ಡಾಯವಾಯಿತು. ಹತ್ತಿರದಲ್ಲಿ ಕೈಗಾರಿಕೆ ಇಲ್ಲದಿದ್ದರೆ ಗುಂಪು ಪ್ರಾಜೆಕ್ಟ್ ಮಾಡಿದರೆ ಸಾಕು. ಪೀಣ್ಯದ ಸಮೀಪದ ವಿದ್ಯಾರ್ಥಿಗೆ ಈ ನಿಯಮದಿಂದ ಕಾರ್ಖಾನೆ ಸಿಗುತ್ತದೆ, ಕೈಗಾರಿಕೆ ಇಲ್ಲದ ತಾಲ್ಲೂಕಿನವನಿಗೆ ಪ್ರಾಜೆಕ್ಟ್ ಮಾತ್ರ ಸಿಗುತ್ತದೆ. ಅಪ್ರೆಂಟಿಸ್ ನಿಯಮವೂ ಹೀಗೆಯೇ. 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಆದರೆ ಚಿಕ್ಕ ಊರುಗಳ ವರ್ಕ್‌ಶಾಪ್‌ಗಳಲ್ಲಿ ಅಷ್ಟು ಜನ ಇರುವುದು ಅಪರೂಪ.

ಮುಂದಿನ ಓದಿನ ನಿಯಮಗಳು ಮೊದಲಿಗಿಂತ ಉದಾರವಾಗಿವೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಆದರೆ ಒಳಗೆ ಹೋದವರಿಗೆ ಏನು ಕಾದಿರುತ್ತದೆ? ಡಿಪ್ಲೊಮಾದಿಂದ ಬಂದವರಿಗಾಗಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 'ಹೆಚ್ಚುವರಿ ಗಣಿತ' ಎಂಬ ಪತ್ರಿಕೆಗಳನ್ನು ಇಡಬೇಕಾಯಿತು. ಪ್ರವೇಶ ಸಿಕ್ಕರೂ ಗಣಿತದ ಹೊಸ್ತಿಲು ಎತ್ತರವಾಗಿಯೇ ಉಳಿದಿದೆ ಎಂದು ಇದರ ಅರ್ಥ.

ಕೈಗಾರಿಕೆ ನಿಜವಾಗಿ ಕೇಳುವುದೇನು?

ಉದ್ಯೋಗದಾತರ ಬೇಡಿಕೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ನಾಳೆಯೇ ತನ್ನ ಯಂತ್ರದ ಮುಂದೆ ನಿಲ್ಲಬಲ್ಲ ಕೆಲಸಗಾರ ಬೇಕೆಂದು ಸಣ್ಣ ಘಟಕದ ಮಾಲೀಕ ಕೇಳುವುದು ನ್ಯಾಯವೇ. ಆದರೆ ಹದಿನೆಂಟರ ಹುಡುಗನ ಮುಂದೆ ನಲವತ್ತು ವರ್ಷಗಳ ದುಡಿಮೆ ಇದೆ. ಆ ಯಂತ್ರ ಅಷ್ಟು ಕಾಲ ಬಾಳುವುದಿಲ್ಲ. ಗುಂಡಿ ಒತ್ತುವುದನ್ನಷ್ಟೇ ಕಲಿತವನು ಯಂತ್ರದ ಜೊತೆಗೇ ಹಳತಾಗುತ್ತಾನೆ.

ಅಳತೆಯ ಉದಾಹರಣೆಗೇ ಬರೋಣ. ನಕ್ಷೆಯೊಂದರಲ್ಲಿ ರಂಧ್ರಕ್ಕೆ '25 ಎಚ್7' ಎಂದು ಬರೆದಿದ್ದರೆ, ಅದರ ವ್ಯಾಸ 25.000 ಮಿ.ಮೀ.ಗಿಂತ ಕಡಿಮೆ ಇರಬಾರದು, 25.021 ಮಿ.ಮೀ.ಗಿಂತ ಹೆಚ್ಚಿರಬಾರದು. ವರ್ಕ್‌ಶಾಪಿನ ವರ್ನಿಯರಿನ ಲೀಸ್ಟ್ ಕೌಂಟ್ 0.02 ಮಿ.ಮೀ. ಅಂದರೆ, ಅನುಮತಿಸಿದ ಇಡೀ ವ್ಯತ್ಯಾಸ ಹೆಚ್ಚುಕಡಿಮೆ ಉಪಕರಣದ ಒಂದೇ ಒಂದು ಮನೆಯಷ್ಟು. ವರ್ನಿಯರ್ 'ಸರಿ' ಎಂದರೂ ರಂಧ್ರ ತಪ್ಪಾಗಿರಬಹುದು. ಅಳೆಯುವ ಉಪಕರಣ, ಅಳೆಯಬೇಕಾದ ವ್ಯತ್ಯಾಸಕ್ಕಿಂತ ಸುಮಾರು ಹತ್ತು ಪಟ್ಟು ಸೂಕ್ಷ್ಮವಾಗಿರಬೇಕು ಎಂಬುದು ರೂಢಿಯ ಸೂತ್ರ. ಇದನ್ನು ತಿಳಿದ ಫಿಟ್ಟರ್ ಕಾರ್ಖಾನೆಗೆ ಬೇಕು. ಇದೇ ತಿಳಿವಳಿಕೆ ಭೌತವಿಜ್ಞಾನದ ದೋಷ ವಿಶ್ಲೇಷಣೆಯ ಮೊದಲ ಪಾಠ. ಎರಡು ಬಾಗಿಲುಗಳಿಗೂ ಕೀಲಿಕೈ ಒಂದೇ: ಮೂಲ ವಿಜ್ಞಾನ ಮತ್ತು ಗಣಿತ. ಕೌಶಲಕ್ಕೆ ಸಮಯ ಸಾಲದೆಂದು ಅವುಗಳನ್ನು ಕತ್ತರಿಸುವ ಪಠ್ಯಕ್ರಮ ಎರಡೂ ಕಡೆ ಸೋಲುತ್ತದೆ.

ಎರಡೂ ಬಾಗಿಲು ತೆರೆದಿಟ್ಟ ಮಾದರಿ ನಮ್ಮಲ್ಲಿಲ್ಲವೆಂದಲ್ಲ. ಡೆನ್ಮಾರ್ಕ್‌ನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ ಕೈಗಾರಿಕೆಗಳಿಂದ ನಿಜವಾದ ಕೆಲಸ ಪಡೆದು ಮಾಡುತ್ತದೆ. ಟೂಲ್ ಮತ್ತು ಡೈ ತಯಾರಿಕೆಯ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ನಂತರ ಒಂದು ವರ್ಷ ಕಾರ್ಖಾನೆಯ ತರಬೇತಿ. ಆಮೇಲೆ ಬೇಕಿದ್ದರೆ ಎಂಜಿನಿಯರಿಂಗ್ ಓದಬಹುದು. ಡೈ ಅಳತೆಗೆ ಬಾರದಿದ್ದರೆ ಗಿರಾಕಿ ಹಿಂದಿರುಗಿಸುತ್ತಾನೆ. ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಕ ಇಲ್ಲ.

ಅಮೆರಿಕದ ಅನುಭವ

ಈ ತೊಡಕು ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯಿದೆ ವೃತ್ತಿಶಿಕ್ಷಣಕ್ಕೆ ಕೇಂದ್ರದ ಹಣ ಕೊಟ್ಟಿತು, ಜೊತೆಗೆ ಅದನ್ನು ಸಾಮಾನ್ಯ ಶಿಕ್ಷಣದಿಂದ ಬೇರ್ಪಡಿಸಿತು. ಆ ಗೋಡೆಯನ್ನು ಒಡೆಯಲು ಬಹಳ ಕಾಲ ಹಿಡಿಯಿತು. ಪ್ರೌಢಶಾಲೆಯ ಕೋರ್ಸನ್ನು ಕಾಲೇಜಿನ ಕೋರ್ಸಿನೊಂದಿಗೆ ಜೋಡಿಸಬೇಕೆಂಬ ಷರತ್ತು 2006ರ ಪರ್ಕಿನ್ಸ್ ಕಾಯಿದೆಯಲ್ಲಿ ಬಂತು. 2018ರ ಕಾಯಿದೆ ಇನ್ನೊಂದು ಹೆಜ್ಜೆ ಇಟ್ಟಿತು: ಹಣ ಪಡೆಯುವ ಪ್ರತಿ ಸ್ಥಳೀಯ ಸಂಸ್ಥೆ ಕನಿಷ್ಠ ಎರಡು ವರ್ಷಕ್ಕೊಮ್ಮೆ ಉದ್ಯೋಗದಾತರು, ಕಾಲೇಜುಗಳು, ಶಿಕ್ಷಕರು, ಪೋಷಕರು, ವಿದ್ಯಾರ್ಥಿಗಳನ್ನು ಕೇಳಿ ಸ್ಥಳೀಯ ಅಗತ್ಯಗಳನ್ನು ಅಳೆಯಬೇಕು. ನಾವು ಅಲ್ಲಿನ ಕೋರ್ಸುಗಳನ್ನು ತರಬೇಕಿಲ್ಲ; ಕೇಳಿ ತಿಳಿಯುವ ಈ ಶಿಸ್ತನ್ನು ಕಲಿಯಬಹುದು. ರೇಷ್ಮೆಯ ರಾಮನಗರಕ್ಕೂ ಎರಕದ ಕೆಲಸದ ಬೆಳಗಾವಿಗೂ ಒಂದೇ ಕೋರ್ಸಿನ ಪಟ್ಟಿ ಹೊಂದದು.

ಆದ್ದರಿಂದ ಮುಂದೆ ಯಾವ ಯೋಜನೆ ಬಂದರೂ ಮೂರು ಪ್ರಶ್ನೆ ಕೇಳೋಣ. ಈ ಕೋರ್ಸಿನ ಅಗತ್ಯವನ್ನು ಈ ಜಿಲ್ಲೆಯಲ್ಲಿ ಯಾರು, ಯಾವಾಗ ಅಳೆದರು? ಇದನ್ನು ಮುಗಿಸಿದವರು ಯಾವ ಕಾಲೇಜಿನ ಯಾವ ವರ್ಷಕ್ಕೆ ಸೇರಬಹುದು ಎಂದು ದಾಖಲಾತಿಯ ದಿನವೇ ಬರಹದಲ್ಲಿ ಕೊಡುತ್ತಾರೆಯೇ? ಗಣಿತ, ವಿಜ್ಞಾನಕ್ಕೆ ಎಷ್ಟು ಗಂಟೆ ಇದೆ?

ಶಿಕ್ಷಕರು ಆದೇಶಕ್ಕಾಗಿ ಕಾಯದೆ ಮಾಡಬಹುದಾದದ್ದೂ ಇದೆ. ಅನೇಕ ತಾಲ್ಲೂಕು ಕೇಂದ್ರಗಳಲ್ಲಿ ಪದವಿಪೂರ್ವ ಕಾಲೇಜೂ ಐಟಿಐಯೂ ಒಂದೇ ಊರಿನಲ್ಲಿವೆ. ವರ್ಷಕ್ಕೆ ನಾಲ್ಕು ದಿನ ಕಾಲೇಜಿನ ವಿದ್ಯಾರ್ಥಿಗಳು ವರ್ಕ್‌ಶಾಪಿನಲ್ಲಿ ಅಳೆಯಲಿ, ಐಟಿಐ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ದೋಷದ ಲೆಕ್ಕ ಹಾಕಲಿ. ಇದಕ್ಕೆ ಹೆಚ್ಚಿನ ಹಣ ಬೇಡ, ಇಬ್ಬರು ಪ್ರಾಂಶುಪಾಲರ ಒಪ್ಪಿಗೆ ಸಾಕು. ಹದಿನಾರನೆಯ ವಯಸ್ಸಿನಲ್ಲಿ, ಮನೆಯ ಹಣಕಾಸಿನ ಒತ್ತಡದಲ್ಲಿ ತೆಗೆದುಕೊಂಡ ಒಂದು ತೀರ್ಮಾನ ಯಾವ ಮಗುವಿಗೂ ಜೀವನದ ಕೊನೆಯ ತೀರ್ಮಾನ ಆಗಬಾರದು.